ಸೂಜಿಯ ಮುಖ

ಅತ್ತೆ ಮತ್ತೆ "ಏಡ" ಎಂದರು. ಅವಳು ತಿರುಗಿ ನೋಡಲಿಲ್ಲ. ಹೊಲಿಗೆ ಮೆಷಿನ್ನಿನ ತಲೆಯನ್ನು ಹಿಂದಕ್ಕೆ ಮಲಗಿಸಿ, ಅದರ ಹೊಟ್ಟೆಯೊಳಗೆ ಟಾರ್ಚು ಬಿಟ್ಟುಕೊಂಡು, ಮೊಣಕೈವರೆಗೆ ಎಣ್ಣೆ ಬಳಿದುಕೊಂಡು ಕೂತವಳಿಗೆ ಬೆನ್ನ ಹಿಂದಿನ ಆ ಒಂದು ಮಾತು ಕೇಳಿ ಕೇಳಿ ಸೊಳ್ಳೆಯ ಹಾಗಾಗಿತ್ತು. ಓಡಿಸಿದರೂ ಬರುತ್ತದೆ, ಸುಮ್ಮನಿದ್ದರೂ ಕಚ್ಚುತ್ತದೆ. ಏಡ ಅಂದರೆ ಬೇಡ. ಪಾರ್ಶ್ವವಾಯು ಬಡಿದ ಮೇಲೆ ಅತ್ತೆಯ ಬಲಗೈ ಬಲಗಾಲಿನ ಜೊತೆ ತುಟಿಯ ಬಲಭಾಗವೂ ಜೋತುಬಿದ್ದು, ತುಟಿ ಕೂಡಿಸಿ ಆಡಬೇಕಾದ ಅಕ್ಷರಗಳೆಲ್ಲ ಬಾಯಿಂದ ಉದುರಿಹೋಗಿದ್ದವು. ಬಿಸಿ ಅನ್ನುವುದು ಇಸಿ, ಬೆಳಕು ಅನ್ನುವುದು ಎಳಕು, ಹೊಟ್ಟೆಯಲ್ಲಿ ಹುಟ್ಟಿದ ಮಗನೇ ಅಗ. ಉದುರಿದ ಅಕ್ಷರವನ್ನು ಮನೆಯವರೇ ಹೆಕ್ಕಿ ಮಾತಿನ ಮುಂದೆ ಕೂರಿಸಿ ಅರ್ಥ ಮಾಡಿಕೊಳ್ಳಬೇಕು. ಔಷಧಿ ಅನ್ನುವ ಮಾತೊಂದು ಮಾತ್ರ ಸ್ವಲ್ಪವೂ ಮುಕ್ಕಾಗದೆ ಪೂರ್ತಿ ಬರುತ್ತಿತ್ತು, ಜಗತ್ತಿನಲ್ಲಿ ಅತ್ತೆಗೆ ಕಂಡರಾಗದ್ದು ಅದೊಂದೇ ಆದರೂ. "ನೋಡು, ಬೈಯೋಕೆ ಬೇಕಾದ ಮಾತನ್ನ ಮಾತ್ರ ದೇವರು ಉಳಿಸಿದಾನೆ," ಎಂದು ಗಂಡ ನಕ್ಕಿದ್ದ. ಆಗ ಅತ್ತೆಯೂ ಅರ್ಧ ಬಾಯಲ್ಲಿ ನಕ್ಕಿದ್ದರು.

ಉದುರಿದ ಅಕ್ಷರ ಹೆಕ್ಕುವುದರಲ್ಲಿ ಮನೆಗೆಲ್ಲ ಅವಳೇ ಮುಂದು. ಅದೇ ಅವಳ ಕಸುಬು. ಪ್ರೆಸ್ಸಿನಲ್ಲಿ ಕರಡು ತಿದ್ದುವ ಕೆಲಸ. ಹಸಿ ಶಾಯಿಯ ಹಾಳೆಗಳ ಮೇಲೆ ಬಿಟ್ಟುಹೋದ ಒತ್ತು, ತಪ್ಪಿದ ಕೊಂಬು, ಮರೆತ ದೀರ್ಘ ಹುಡುಕುತ್ತ ಅವಳ ಕಣ್ಣಿನ ಸುತ್ತ ಕಪ್ಪು ಕೂತಿದೆ. ಅನ್ನ ತಿನ್ನುವಾಗಲೂ ಅಂಗಡಿ ಬೋರ್ಡು ಓದುವಾಗಲೂ ಕೈ ಕೆಂಪು ಪೆನ್ನಿಗೆ ತಡಕುತ್ತದೆ. ಅತ್ತೆ ಆಸ್ಪತ್ರೆಯಿಂದ ಬಂದ ದಿನ ಮಗನಿಗೇ ತಿಳಿಯದ ಮಾತು ಸೊಸೆಗೆ ತಿಳಿದು, ಓಡಿಹೋಗಿ ದಿಂಬು ತಂದು ಬೆನ್ನಿಗೆ ಕೊಟ್ಟಾಗ ಅವಳಿಗೆ ಒಳಗೊಳಗೇ ಹೆಮ್ಮೆಯಾಗಿತ್ತು. ಆ ಹೆಮ್ಮೆಯಲ್ಲಿ ಅವಳು ಒಂದು ಸಂಗತಿಯನ್ನು ಮರೆತಿದ್ದಳು. ಪ್ರೆಸ್ಸಿಗೆ ಸೇರಿದ ಹೊಸದರಲ್ಲಿ ಮೀನಿನ ಬಲೆ ಮಾರುವವನೊಬ್ಬನ ಕರಪತ್ರ ಬಂದಿತ್ತು. 'ನಮ್ಮಲ್ಲಿ ಎಲ್ಲ ಅಳತೆಯ ಬಲೆ ಸಿಗುತ್ತದೆ' ಎಂದು ಅವನು ಬರೆದದ್ದನ್ನು ಅವಳು, ಪಾಪ ಎತ್ವ ಬಿಟ್ಟಿದಾನೆ ಅಂದುಕೊಂಡು, 'ಬೆಲೆ' ಎಂದು ತಿದ್ದಿ ಅಚ್ಚಿಗೆ ಕಳಿಸಿದಳು. ಅವನು ಕಟ್ಟುಗಟ್ಟಲೆ ಕಾಗದ ತಂದು ಮೇಜಿನ ಮೇಲೆ ಒಗೆದು, "ಬಲೆ ಮಾರೋನು ಬಲೆ ಅಂತಲೇ ಬರೀತಾನೆ ಕಣಮ್ಮ, ನಿನಗ್ಯಾಕೆ ಅಷ್ಟು ಜಾಣತನ?" ಎಂದು ಎಲ್ಲರೆದುರು ಕೂಗಿದ. ಮಾಲೀಕರು ಸಿಟ್ಟಾಗಲಿಲ್ಲ. ತಪ್ಪು ಬಿಡೋರನ್ನ ನೋಡಿದೀನಿ, ಇಲ್ಲದ ತಪ್ಪು ತಿದ್ದೋಳನ್ನ ನಿನ್ನನ್ನೇ ನೋಡಿದ್ದು ಅಂದರು. ಅದು ಕೂಗಿಗಿಂತ ಹೆಚ್ಚು ಚುಚ್ಚಿತು.

ಈಗ ಚುಚ್ಚುತ್ತಿರುವುದು ಮೆಷಿನ್ನು. ಇದು ಮನೆಗಳಲ್ಲಿ ಹೆಂಗಸರು ರವಿಕೆ ಹೊಲಿಯುವ ಮೆಷಿನ್ನಲ್ಲ. ಬಸ್ಸಿನ ಸೀಟು, ಲಾರಿಯ ಟಾರ್ಪಾಲು, ಅಂಗಡಿ ಮುಂದಿನ ಕ್ಯಾನ್ವಾಸು ಹೊಲಿಯುವ ಕಾರ್ಖಾನೆಯದು. ಅತ್ತೆ ಕೆಲಸ ಮಾಡುತ್ತಿದ್ದ ಕಾರ್ಖಾನೆ ಬಾಗಿಲು ಹಾಕಿದಾಗ, ಬೇರೆಯವರು ಕುರ್ಚಿ ಫ್ಯಾನು ಕೇಳಿದರೆ ಇವರು ತಾವು ಕೂರುತ್ತಿದ್ದ ಮೆಷಿನ್ನನ್ನೇ ಕೇಳಿ, ತಳ್ಳುಗಾಡಿಗೆ ಹೇರಿಸಿಕೊಂಡು ಊರ ನಡುವೆ ಮದುಮಗಳನ್ನು ಕರೆತಂದ ಹಾಗೆ ಕರೆತಂದಿದ್ದರಂತೆ. ಆಮೇಲೆ ಮನೆ ನಡೆದದ್ದು ಅದರ ಮೇಲೆ. ಅತ್ತೆ ಮಲಗಿದ ಮೇಲೆ ಅದೂ ಮಲಗಿತು. ಎಣ್ಣೆ ಒಣಗಿ ಅಂಟಾಗಿ, ಅಂಟು ಅರಗಾಗಿ, ಗಾಲಿಯನ್ನು ಎರಡು ಕೈಯಲ್ಲಿ ಹಿಡಿದು ತಿರುಗಿಸಿದರೂ ಜಪ್ಪಯ್ಯ ಅನ್ನಲಿಲ್ಲ. ಅವಳು ಮಾರ್ಕೆಟ್ಟಿನ ಮೆಕ್ಯಾನಿಕ್ಕನ ಹತ್ತಿರ ಹೋಗಿ ಕೇಳಿದಳು. "ಇದನ್ನ ರಿಪೇರಿ ಮಾಡೋರು ಯಾರೂ ಉಳಿದಿಲ್ಲ. ಮೊದಲು ಕೊಳೆ ತೆಗೀರಿ, ಆಮೇಲೆ ಸ್ಕ್ರೂ ಮುಟ್ಟಿ. ಉಲ್ಟಾ ಮಾಡಿದ್ರೆ ಕೆಟ್ರಿ," ಅಂದವನು ಒಂದು ಡಬ್ಬಿ ಎಣ್ಣೆ ಕೊಟ್ಟು ಕೈತೊಳೆದುಕೊಂಡ. ಅವಳು ಸೀಮೆಎಣ್ಣೆಯಲ್ಲಿ ಹಳೆ ಬ್ರಷ್ಷು ಅದ್ದಿ ಒಂದೊಂದು ಸಂದಿ ಉಜ್ಜಿದಳು. ಸೂಜಿ ಇಳಿಯುವ ತಟ್ಟೆ ಬಿಚ್ಚಿದಾಗ ಕೆಳಗೆ ಹಲ್ಲುಗಳ ನಡುವೆ ಬಟ್ಟೆಯ ಧೂಳು ಒತ್ತಿ ಒತ್ತಿ ಕಂಬಳಿಯ ಹಾಗೆ ಗಟ್ಟಿಯಾಗಿತ್ತು. ಚಿಮಟದಿಂದ ಎತ್ತಿ ಬೆಳಕಿಗೆ ಹಿಡಿದರೆ ಪದರ ಪದರವಾಗಿ ಬಣ್ಣ: ಬಸ್ಸಿನ ಸೀಟಿನ ನೀಲಿ, ಅದರ ಕೆಳಗೆ ಖಾಕಿ, ಅದರ ಕೆಳಗೆ ಹಸಿರು. ತಾನು ಮದುವೆಯಾಗಿ ಬಂದಾಗ ಅತ್ತೆ ಹೊಲಿಯುತ್ತಿದ್ದದ್ದು ಆ ಹಸಿರು. ಅದನ್ನು ಎಸೆಯಲು ಮನಸ್ಸು ಬರದೆ ಬೆಂಕಿಪೊಟ್ಟಣದಲ್ಲಿ ತುಂಬಿ ಗೂಡಿನಲ್ಲಿಟ್ಟಳು. ಗಂಡ ಕಡ್ಡಿ ಗೀರಲು ಹೋಗಿ ಧೂಳು ಸುರಿದುಕೊಂಡು, "ಲೇ, ನಿನಗೇನು ತಲೆ ಕೆಟ್ಟಿದೆಯಾ?" ಎಂದ.

ಗಾಲಿಯಂತೂ ತಿರುಗಿತು. ಮೊದಲು ನರಳಿಕೊಂಡು, ಆಮೇಲೆ ಬೆಣ್ಣೆಯ ಹಾಗೆ. ಸೂಜಿ ಏರುತ್ತದೆ, ಇಳಿಯುತ್ತದೆ, ಕೆಳಗಿನ ಕೊಕ್ಕೆ ಸುತ್ತುತ್ತದೆ, ಹಲ್ಲು ಬಟ್ಟೆಯನ್ನು ಎಳೆಯುತ್ತದೆ. ಎಲ್ಲ ಆಗುತ್ತದೆ, ಹೊಲಿಗೆ ಒಂದು ಮಾತ್ರ ಬೀಳುವುದಿಲ್ಲ. ಬಟ್ಟೆಯಲ್ಲಿ ಸಾಲಾಗಿ ತೂತು ಮಾತ್ರ. ಕೊಕ್ಕೆ ಬಂದು ದಾರವನ್ನು ಹಿಡಿಯಬೇಕಾದ ಗಳಿಗೆಯಲ್ಲಿ ಹಿಡಿಯದೆ, ಗುರುತಿದ್ದೂ ಮಾತಾಡಿಸದ ನೆಂಟರ ಹಾಗೆ ಪಕ್ಕದಲ್ಲೇ ಹಾದುಹೋಗುತ್ತದೆ. ಅವಳು ದಾರದ ಬಿಗಿ ಹೆಚ್ಚಿಸಿ ನೋಡಿದಳು, ಸಡಿಲಿಸಿ ನೋಡಿದಳು. ಸೂಜಿಯ ಕಂಬಿಯನ್ನು ಒಂದು ಕೂದಲೆಳೆ ಇಳಿಸಿದಳು, ಮತ್ತೆ ಏರಿಸಿದಳು. ದಾರ ಬದಲಿಸಿದಳು, ಕೆಳದಾರದ ಬಾಬಿನ್ನು ತಿರುವಿದಳು, ಹೊಸ ಸೂಜಿ ಹಾಕಿದಳು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಅವಳಿಗೆ ನೆಲದ ಮೇಲೂ ಅನುಮಾನ ಬಂದು ಮೇಜಿನ ಕಾಲಿಗೆ ರಟ್ಟು ಕೊಟ್ಟು ನೋಡಿದಳು. ಪ್ರತಿ ಸಲ ಅವಳು ಸೂಜಿಗೆ ಕೈ ಹಾಕಿದಾಗಲೂ ಹಿಂದಿನಿಂದ, ಗಾಲಿಕುರ್ಚಿಯಿಂದ, ಅದೇ ಮಾತು. ಇವತ್ತಂತೂ ಮೊಟಕಾಗಿ, ಸಿಡುಕಿದ ಹಾಗೆ. ಜೊತೆಗೆ ಎಡಗೈ ಎತ್ತಿ ಬಾಗಿಲ ಕಡೆಗೆ ಬೀಸುತ್ತಾರೆ. ಎದ್ದು ಆಚೆ ಹೋಗು ಅನ್ನುವುದಕ್ಕೆ ಬಾಯಿ ಯಾಕೆ ಬೇಕು.

ಆಚೆ ಹೋಗು ಎಂದು ಮೊದಲ ಸಲ ಅಂದದ್ದೂ ಇದೇ ಮೇಜಿನ ಎದುರು. ಮದುವೆಯಾಗಿ ಇನ್ನೂ ವಾರ ತುಂಬಿರಲಿಲ್ಲ. ಅತ್ತೆ ನೀರು ಕುಡಿಯಲು ಎದ್ದಾಗ ಅವಳು ಆಸೆಪಟ್ಟು ಸ್ಟೂಲಿನ ಮೇಲೆ ಕೂತು ಪೆಡಲಿಗೆ ಕಾಲಿಡುವಷ್ಟರಲ್ಲಿ ಅತ್ತೆ ಓಡಿಬಂದು, ತೋಳು ಹಿಡಿದು, ತೊಟ್ಟಿಲಿಂದ ಮಗುವನ್ನು ಎತ್ತುವ ಹಾಗೆ ಎತ್ತಿ ಪಕ್ಕಕ್ಕೆ ನಿಲ್ಲಿಸಿದ್ದರು. "ಬೇಡ ಹುಡುಗಿ, ಬೇಡ! ಇದು ನಿನಗಲ್ಲ." ಬಾಗಿಲ ಮೆಟ್ಟಿಲ ಮೇಲೆ ಕೂತಿದ್ದ ಪಕ್ಕದ ಮನೆಯ ಅಕ್ಕ ಕಿಸಕ್ಕನೆ ನಕ್ಕಿದ್ದಳು. ಬೀದಿಯೆಲ್ಲ ಅವಳನ್ನು ಟಾಂಟಾಂ ಅಕ್ಕ ಅನ್ನುತ್ತಿತ್ತು; ಅವಳ ಕಿವಿಗೆ ಬಿದ್ದದ್ದು ಸಂಜೆಯೊಳಗೆ ಊರಿಗೆ ಬೀಳುತ್ತಿತ್ತು. ಆವತ್ತು ಸಂಜೆಯೊಳಗೆ ಹೊಸ ಸೊಸೆಗೆ ಸೂಜಿ ಹಿಡಿಯಲೂ ಬರೋದಿಲ್ಲವಂತೆ ಎಂದು ಎಲ್ಲರಿಗೂ ತಿಳಿದಿತ್ತು. ಅತ್ತೆ ಅಡುಗೆಮನೆಯಲ್ಲಿ ತಮ್ಮ ತೋರುಬೆರಳು ಚಾಚಿ, ನಡುವೆ ಸೀಳಿ ಎರಡಾಗಿ ಬೆಳೆದ ಉಗುರು ತೋರಿಸಿ, "ಈ ಸೂಜಿ ಒಂದ್ಸಲ ಮೂಳೆ ದಾಟಿ ಬಂದಿದೆ ಕಣೆ. ನಿನ್ನ ಬೆರಳು ಅಕ್ಷರಕ್ಕಿರಲಿ," ಅಂದಿದ್ದರು. ಆ ಮಾತನ್ನು ಅವಳು ನಂಬಿದ್ದಳು. ಆದರೂ ತೋಳಿನ ಮೇಲೆ ಆ ಹಿಡಿತ ಇನ್ನೂ ಇದೆ. ಕಾರಣ ಗೊತ್ತಿದ್ದ ಮಾತ್ರಕ್ಕೆ ಅವಮಾನ ಕರಗುವುದಿಲ್ಲ ಎಂದು ಸೀಮೆಎಣ್ಣೆಯ ಬಟ್ಟೆಯಿಂದ ಬೆರಳು ಒರೆಸಿಕೊಳ್ಳುತ್ತ ಅವಳು ಅಂದುಕೊಂಡಳು.

"ಆಯ್ತು ಅತ್ತೆ, ನಿಮ್ಮ ಮೆಷಿನ್ನನ್ನ ನಾನೇನು ತಿಂದುಬಿಡಲ್ಲ," ಎಂದಳು ತಿರುಗದೆಯೇ. ಅಂದ ಮೇಲೆ ನಾಲಗೆ ಕಚ್ಚಿಕೊಂಡಳು. ಬೆಳಿಗ್ಗೆ ಇದಕ್ಕಿಂತ ಕೆಟ್ಟದ್ದನ್ನು ಮಾಡಿದ್ದಳು. ಹಿಂದಿನಿಂದ ಆ ಕಣ್ಣು ತನ್ನ ಕೈಯನ್ನೇ ನೋಡುವುದನ್ನು ಸಹಿಸಲಾರದೆ, "ಬೀದಿ ನೋಡ್ಕೊಂಡಿರಿ, ಗಾಳಿ ಬರುತ್ತೆ," ಎಂದು ಗಾಲಿಕುರ್ಚಿಯನ್ನು ಕಿಟಕಿಯತ್ತ ತಿರುಗಿಸಿದ್ದಳು. ಅತ್ತೆಗೆ ತಾವಾಗಿ ತಿರುಗಿಕೊಳ್ಳಲೂ ಆಗದು. ಕೂರಿಸಿದ ಕಡೆ ಕೂರಬೇಕು. ಕುತ್ತಿಗೆಯನ್ನು ಮಾತ್ರ ಕಷ್ಟಪಟ್ಟು ಹಿಂದಕ್ಕೆ ಹೊರಳಿಸುತ್ತಿದ್ದರು. ಅದನ್ನು ಕಂಡು ಅವಳಿಗೆ ತನ್ನ ಮೇಲೇ ಹೇಸಿಗೆಯಾಗಿ, ಎದ್ದು ಕುರ್ಚಿಯನ್ನು ಇದ್ದಲ್ಲಿಗೇ ತಂದು ನಿಲ್ಲಿಸಿದ್ದಳು.

ಇವತ್ತು ಪ್ರೆಸ್ಸಿಗೆ ರಜ. ಸಂಜೆ ಗುಜರಿಯವನು ಬರುತ್ತಾನೆ. ಗಂಡ ನಿನ್ನೆಯೇ ಹೇಳಿಬಂದಿದ್ದ. ಬೇಕರಿಯಲ್ಲಿ ನಸುಕಿನಿಂದ ಹಿಟ್ಟು ನಾದಿ, ಮಧ್ಯಾಹ್ನ ಕಿವಿಯ ಸುರುಳಿಯಲ್ಲೂ ಹಿಟ್ಟು ಮೆತ್ತಿಕೊಂಡು ಬರುವ ಅವನಿಗೆ ಆ ಕೋಣೆಯಲ್ಲಿ ಕಾಣುತ್ತಿದ್ದದ್ದು ಜಾಗ. ಗಾಲಿಕುರ್ಚಿ ಮಂಚದಿಂದ ಬಾಗಿಲಿಗೆ ಹೋಗಬೇಕಾದರೆ ಮೆಷಿನ್ನಿನ ಮೇಜಿಗೆ ತಾಗಿ ನಿಲ್ಲುತ್ತಿತ್ತು. ಪ್ರತಿ ಸಲ ಅಮ್ಮನನ್ನು ಎತ್ತಿ, ಕುರ್ಚಿ ಓರೆ ಮಾಡಿ, ಮತ್ತೆ ಕೂರಿಸಬೇಕು. ಒಂದು ಸಲ ಕೈ ಜಾರಿ ಅಮ್ಮನ ಮೊಣಕಾಲು ಮೇಜಿಗೆ ಬಡಿದಾಗ ಅವನು ಅತ್ತೇಬಿಟ್ಟಿದ್ದ. "ನೋಡು, ನನಗೇನೂ ಹಟ ಇಲ್ಲ. ಹೊಲಿದ್ರೆ ಇಟ್ಕೋ, ಹೊಲೀದಿದ್ರೆ ಬಿಟ್ಕೊಡು. ಒಂದು ಗೇಣು ಹೊಲಿಗೆ ಬೀಳಲಿ, ಕುರ್ಚೀನ ತಲೆ ಮೇಲೆ ಹೊತ್ಕೊಂಡು ತಿರುಗ್ತೀನಿ. ಸುಮ್ಮನೆ ಸತ್ತ ಕಬ್ಬಿಣಕ್ಕೆ ಎಣ್ಣೆ ಹಚ್ಚಿಕೊಂಡು ಕೂತಿದ್ರೆ?" ಎಂದಿದ್ದ. ನ್ಯಾಯವಾದ ಮಾತೇ. ಯಾಕೆ ಇಷ್ಟು ಹಚ್ಚಿಕೊಂಡಿದೀಯ ಎಂದು ಕೇಳಿದ್ದರೆ ಅವಳಿಂದ ಅವನಿಗೆ ಹೇಳಲಾಗುತ್ತಿರಲಿಲ್ಲ. ಅವನಿಗೂ ಸೇರಿದ ನೋವು ಅದು.

ಅವಳಿಗೆ ಬೇಕಾಗಿದ್ದದ್ದು ಹೊಲಿಗೆಯಲ್ಲ, ಸದ್ದು. ಮದುವೆಯಾಗಿ ವರ್ಷ ಕಳೆದು ಮತ್ತೊಂದು ಕಳೆದ ಮೇಲೆ ಟಾಂಟಾಂ ಅಕ್ಕ ಮೆಟ್ಟಿಲ ಮೇಲೆ ಕೂತು, ಸೊಂಟದ ಕಡೆ ಕಣ್ಣು ಹಾಯಿಸಿ, ದನಿ ತಗ್ಗಿಸಿ ಕೇಳುತ್ತಿದ್ದಳು: "ಏನಮ್ಮ, ಏನಾದ್ರೂ ವಿಶೇಷ ಉಂಟಾ?" ಆ ವಿಶೇಷ ಅನ್ನುವ ಮಾತು ಬಾಯಿಂದ ಪೂರ್ತಿ ಹೊರಬೀಳುವ ಮೊದಲೇ ಅತ್ತೆಯ ಕಾಲು ಪೆಡಲನ್ನು ಅದುಮುತ್ತಿತ್ತು. ಗರ್ರೆಂದು ಮೋಟಾರು ಎದ್ದು, ಕಿಟಕಿಯ ಸರಳು ನಡುಗಿ, ಗೂಡಿನಲ್ಲಿದ್ದ ಲೋಟಗಳು ಕಿಣಿಕಿಣಿಗುಟ್ಟಿ, ಇಡೀ ಕೋಣೆಯಲ್ಲಿ ಬೇರೆ ಯಾವ ಮಾತಿಗೂ ಜಾಗ ಉಳಿಯುತ್ತಿರಲಿಲ್ಲ. ಆಮೇಲೆ ಕಾಲೆತ್ತಿ, ತಲೆ ಎತ್ತದೆಯೇ, "ಏನಂದೆ? ಕೇಳಿಸ್ಲಿಲ್ಲ," ಅನ್ನುತ್ತಿದ್ದರು ಅತ್ತೆ. ಅಕ್ಕ ಮತ್ತೆ ಶುರು ಮಾಡಿದರೆ ಮತ್ತೆ ಗರ್ರ್. ಒಂದು ಸಲ ಹೊಲಿಯಲು ಬಟ್ಟೆಯೇ ಇರಲಿಲ್ಲ; ಬರಿಯ ಹಲ್ಲಿನ ಮೇಲೆ ಸೂಜಿ ಓಡುತ್ತಿದ್ದದ್ದನ್ನು ಅವಳು ಅಡುಗೆಮನೆ ಬಾಗಿಲಿನಿಂದ ಕಂಡಿದ್ದಳು. ಆಮೇಲೆ ಒಳಗೆ ಹೋಗಿ ಪಾತ್ರೆಯ ಮುಂದೆ ನಿಂತು ಸೆರಗು ಬಾಯಿಗೆ ತುರುಕಿಕೊಂಡು ಅತ್ತಿದ್ದಳು. ವಿಶೇಷ ಆಗಲೇ ಇಲ್ಲ. ಅತ್ತೆ ಎಂದೂ ಕೇಳಲೂ ಇಲ್ಲ. ಬೇರೆ ಸೊಸೆಯಂದಿರು ತಮ್ಮ ಅತ್ತೆಯರ ಮಾತಿನ ಗಾಯ ಎಣಿಸುವಾಗ ಇವಳು ಸುಮ್ಮನಿರುತ್ತಿದ್ದಳು, ಹೇಳಿದರೆ ಕಣ್ಣು ತಾಗೀತೆಂಬ ಭಯದಿಂದ. ಅತ್ತೆಗೂ ಹೇಳಿರಲಿಲ್ಲ. ನಿಮ್ಮ ಋಣ ದೊಡ್ಡದು ಎಂದು ಅನ್ನದ ಪಾತ್ರೆ ಮುಂದಿಟ್ಟುಕೊಂಡು ಮನೆಯವರಿಗೆ ಯಾರಾದರೂ ಹೇಳುತ್ತಾರೆಯೇ? ನಾಟಕದವರ ಹಾಗೆ? ಈಗ ಟಾಂಟಾಂ ಅಕ್ಕ ಬಂದು ಕೂತರೆ ಬೇರೆ ಮಾತು, ಅತ್ತೆಯ ಬಗ್ಗೆ ಅತ್ತೆಯ ಎದುರಿಗೇ, ಅತ್ತೆಗೆ ಕಿವಿಯೂ ಇಲ್ಲವೆಂಬಂತೆ. ಅತ್ತೆ ಕೂತಲ್ಲೇ ಎಲ್ಲ ಕೇಳಿಸಿಕೊಳ್ಳುತ್ತಾರೆ. ಎಡಗಾಲು ಮಾತ್ರ ಗಾಲಿಕುರ್ಚಿಯ ತಟ್ಟೆಯ ಮೇಲೆ ಸುಮ್ಮನೆ ಒಂದು ಸಲ ಒತ್ತಿ ಬಿಡುತ್ತದೆ. ಅದನ್ನು ನೋಡಿದ ದಿನವೇ ಅವಳು ಬ್ರಷ್ಷು ಸೀಮೆಎಣ್ಣೆ ತಂದದ್ದು.

ಗಂಡ ಬಂದು ಕೈಕಾಲು ತೊಳೆದು, ಮೆಷಿನ್ನಿನ ಕಡೆ ನೋಡಿ, ತಲೆಯಾಡಿಸಿ, ಒಳಕೋಣೆಯಲ್ಲಿ ಒರಗಿದ. ಗೊರಕೆ ಕೇಳಿಸಿತು. ಅವಳು ಕೊನೆಯ ಸಲ ಎಂದು ಗಾಲಿ ತಿರುಗಿಸಿದಳು. ತೂತು, ತೂತು, ತೂತು. ದಾರ ಪಟ್ಟೆಂದು ಹರಿದು ಮೂಗಿಗೆ ಬಡಿಯಿತು. ಅವಳಿಗೆ ಅಳು ಬರಲಿಲ್ಲ, ಒಂದು ಥರದ ನಾಚಿಕೆ ಬಂತು. ಪರೀಕ್ಷೆಯಲ್ಲಿ ಖಾಲಿ ಹಾಳೆ ಕೊಟ್ಟು ಎದ್ದುಬಂದವರ ನಾಚಿಕೆ. ಸಾಕು. ಬೇಡ ಅಂದಮೇಲೆ ಬೇಡ. ಅವರ ವಸ್ತು, ಅವರ ಮನಸ್ಸು. ಬೇರೆಯವರ ಕೈಯಲ್ಲಿ ಓಡುವುದಕ್ಕಿಂತ ಸುಮ್ಮನೆ ಹೋಗಲಿ ಎಂದು ಅವರಿಗೆ ಅನ್ನಿಸಿದ್ದರೆ ತಾನು ಯಾರು. ಕೈ ತೊಳೆದು, ಹಾಲು ಕಾಯಿಸಿ, ಚಮಚ ಹಾಕಿಕೊಂಡು ಬಂದು ಅತ್ತೆಯ ಎದುರು ಮಣೆ ಹಾಕಿ ಕೂತಳು. ಅತ್ತೆ ಚಮಚ ಕಂಡು ಮುಖವನ್ನು ಹೆಗಲ ಕಡೆಗೆ ಹೊರಳಿಸಿದರು.

"ಏ... ಡ."

"ಎರಡೇ ಎರಡು ಚಮಚ."

"ಏ... ಡ," ಎಂದು ಇನ್ನೂ ಎಳೆದು, ಹಟಮಾರಿ ಮಗುವಿನ ಹಾಗೆ ಕಣ್ಣು ಮುಚ್ಚಿಕೊಂಡರು. ಅವಳು ಲೋಟವನ್ನು ಗೂಡಿನಲ್ಲಿಟ್ಟು, ಗುಜರಿಯವನು ಬರುವ ಮೊದಲು ಸೂಜಿಯನ್ನಾದರೂ ಬಿಚ್ಚಿಟ್ಟುಕೊಳ್ಳೋಣ, ಅತ್ತೆಯ ಗುರುತಿಗೆ, ಎಂದು ಮೆಷಿನ್ನಿನ ಮುಂದೆ ಬಗ್ಗಿ ಸೂಜಿಯ ಸ್ಕ್ರೂಗೆ ಬೆರಳು ಹಾಕಿದಳು.

"ಎಡ," ಎಂದರು ಅತ್ತೆ ಹಿಂದಿನಿಂದ.

ಅವಳ ಬೆರಳು ಸ್ಕ್ರೂವಿನ ಮೇಲೇ ನಿಂತಿತು. ಏನು ಎಂದು ತಿಳಿಯುವ ಮೊದಲೇ ಏನೋ ಇದೆ ಎಂದು ಗೊತ್ತಾಯಿತು; ಕರಡು ಓದುವಾಗ ಸಾಲು ದಾಟಿ ಹೋದ ಕಣ್ಣು ತಾನಾಗಿಯೇ ಹಿಂದಕ್ಕೆ ಬರುತ್ತದಲ್ಲ, ಹಾಗೆ ಕಿವಿ ಹಿಂದಕ್ಕೆ ಬಂತು. ಈಗ ತಾನೇ ಹಾಲಿಗೆ ಅಂದದ್ದು ಏಡ. ಇದು ಎಡ. ದೀರ್ಘ ಇಲ್ಲ. ಅವಳು ತಿರುಗಿದಳು. ಅತ್ತೆ ಮುಖ ಹೊರಳಿಸಿರಲಿಲ್ಲ, ಕಣ್ಣು ಮುಚ್ಚಿರಲಿಲ್ಲ. ಎರಡು ಕಣ್ಣನ್ನೂ ಅಗಲಿಸಿ ನೇರ ಅವಳ ಬೆರಳ ತುದಿಯನ್ನು, ಸೂಜಿಯನ್ನು ನೋಡುತ್ತಿದ್ದರು. ಎಡಗೈ ಎತ್ತಿ ಬಾಗಿಲ ಕಡೆಗೆ ಬೀಸಿದರು. ಮೆಷಿನ್ನಿನ ಮುಂದೆ ಕೂತವರಿಗೆ ಬಾಗಿಲಿರುವುದು ಎಡಕ್ಕೆ.

"ಎಡಾನಾ ಅತ್ತೆ?" ಅವಳ ದನಿ ಅವಳಿಗೇ ಕೇಳಿಸಲಿಲ್ಲ. "ಬೇಡ ಅಲ್ವಾ? ಎಡ? ಸೂಜಿ ಎಡಕ್ಕಾ?"

ಅತ್ತೆ ಕಣ್ಣು ಮುಚ್ಚಿ, ಎಷ್ಟೋ ದಿನದಿಂದ ತಲೆಯ ಮೇಲೆ ಹೊತ್ತದ್ದನ್ನು ಯಾರೋ ಕೆಳಗಿಳಿಸಿಕೊಟ್ಟ ಹಾಗೆ ಉಸಿರು ಬಿಟ್ಟರು. ಆಮೇಲೆ ಸ್ವಲ್ಪವೂ ಮುಕ್ಕಿಲ್ಲದೆ, ಔಷಧಿ ಅನ್ನುವುದಕ್ಕಿಂತ ಸ್ಪಷ್ಟವಾಗಿ, "ದಡ್ಡಿ," ಎಂದರು.

ಅಯ್ಯೋ ನನ್ನ ಜಾಣ ಕಿವಿಯೇ! ಇಲ್ಲದ ಅಕ್ಷರ ತಂದು ಕೂರಿಸಿದ್ದು ಸಾಲದೆಂದು ಇಲ್ಲದ ದೀರ್ಘವನ್ನೂ ಎಳೆದಿತ್ತು. ಎಡ ಅನ್ನುವುದಕ್ಕೆ ತುಟಿ ಯಾಕೆ ಬೇಕು? ಔಷಧಿಯಲ್ಲದೆ ಪೂರ್ತಿ ಬರುವ ಬೇರೆ ಮಾತೂ ಆ ಬಾಯಿಯಲ್ಲಿ ಉಳಿದಿರಬಹುದೆಂದು ಯಾರಿಗೂ ಹೊಳೆದಿರಲಿಲ್ಲ. ಮುರಿದ ಬಾಯಿಂದ ಬಂದದ್ದೆಲ್ಲ ಮುರಿದದ್ದೇ ಎಂದು ನಂಬಿ ತಿದ್ದಿ ತಿದ್ದಿ ಕೇಳಿಸಿಕೊಂಡಿದ್ದರು. ಇಷ್ಟು ದಿನವೂ ಅವರು ಹಿಂದೆ ಕೂತು ಪಾಠ ಹೇಳುತ್ತಿದ್ದರು, ಇವಳು ಬೈಗುಳ ಎಂದುಕೊಂಡು ಬೆನ್ನು ಬಿಗಿ ಮಾಡಿ ಕೂತಿದ್ದಳು. ಬಲೆ ಮಾರುವವನ ಕೂಗು ನೆನಪಾಗಿ ಅವಳಿಗೆ ನಗು ಬಂತು, ನಗುವಿನ ಜೊತೆ ಕಣ್ಣೀರೂ ಬಂತು, ಸ್ಕ್ರೂವಿನ ಎಣ್ಣೆ ಹತ್ತಿದ ಬೆರಳಲ್ಲೇ ಒರೆಸಿಕೊಂಡು ಕಣ್ಣು ಉರಿಯಿತು. ದಡ್ಡಿ ಎಂದು ಅವಳನ್ನು ಇದುವರೆಗೆ ಯಾರೂ ಅಷ್ಟು ಪ್ರೀತಿಯಿಂದ ಕರೆದಿರಲಿಲ್ಲ.

ಅವಳು ಸೂಜಿಯನ್ನು ಬಿಚ್ಚಿ ಕಿಟಕಿಯ ಬೆಳಕಿಗೆ ಹಿಡಿದಳು. ತವರಿನ ಮನೆಯ ಪುಟ್ಟ ಮೆಷಿನ್ನಿನ ಸೂಜಿಗೆ ತಲೆಯ ಒಂದು ಮಗ್ಗುಲು ಚಪ್ಪಟೆ. ತಪ್ಪು ಹಾಕಲು ಹೋದರೂ ಅದು ಒಳಗೆ ಹೋಗದು. ಈ ಸೂಜಿಯ ತಲೆ ಸುತ್ತಲೂ ದುಂಡು. ಯಾವ ಕಡೆ ತಿರುಗಿಸಿದರೂ ತಕರಾರಿಲ್ಲದೆ ಕೂರುತ್ತದೆ, ಕೂತು ಮೋಸ ಮಾಡುತ್ತದೆ. ಉಗುರಿನಿಂದ ಸವರಿದರೆ ಒಂದು ಮಗ್ಗುಲಿಗೆ ಮೇಲಿನಿಂದ ಕೆಳಗಿನವರೆಗೆ ದಾರ ಇಳಿಯುವ ಉದ್ದ ಗೀರು. ಅದು ಸೂಜಿಯ ಮುಖ. ತವರಿನಲ್ಲಿ ಅಮ್ಮ ಬಲಗಡೆಯಿಂದ ದಾರ ಪೋಣಿಸುತ್ತಿದ್ದಳೆಂದು ಇವಳು ಇಲ್ಲಿಯೂ ಆ ಮುಖವನ್ನು ಬಲಕ್ಕೇ ಕೂರಿಸಿ, ಎಷ್ಟು ಹೊಸ ಸೂಜಿ ಹಾಕಿದರೂ ಬಲಕ್ಕೇ ಕೂರಿಸಿ, ಕೊಕ್ಕೆಗೆ ಬೆನ್ನು ತೋರಿಸಬೇಕಾದ ಸೂಜಿ ಮುಖ ತೋರಿಸುವ ಹಾಗೆ ಮಾಡಿದ್ದಳು. ಮುಖ ಎಡಕ್ಕೆ ತಿರುಗಿಸಿ ಸ್ಕ್ರೂ ಬಿಗಿ ಮಾಡಿದಳು. ಎಡದಿಂದ ದಾರ ಪೋಣಿಸಿದಳು. ಡ್ರಾಯರಿನಲ್ಲಿದ್ದ ಹಸಿರು ಕ್ಯಾನ್ವಾಸಿನ ತುಂಡೊಂದನ್ನು ಮಡಿಸಿ, ಮೆಷಿನ್ನಿನ ಬಟ್ಟೆ ಒತ್ತುವ ಪಾದದ ಕೆಳಗಿಟ್ಟು, ಉಸಿರು ಹಿಡಿದು, ಗಾಲಿಯನ್ನು ಕೈಯಿಂದ ತಿರುಗಿಸಿದಳು. ಸೂಜಿ ಇಳಿಯಿತು, ಏರತೊಡಗಿತು, ಕೊಕ್ಕೆ ಸುತ್ತಿ ಬಂದು ದಾರದ ಕುಣಿಕೆಯನ್ನು ಹಿಡಿಯಿತು. ಒಂದು ಹೊಲಿಗೆ.

ಅವಳು ಇನ್ನೊಂದು ಸುತ್ತು ತಿರುಗಿಸಿದಳು. ಅಡಿಯಲ್ಲಿ ದಾರ ಸಡಿಲವಾಗಿ ಗುಬ್ಬಿ ಗೂಡಿನ ಹಾಗೆ ಗೋಜಲಾಗಿತ್ತು; ಬಟ್ಟೆಯನ್ನು ಅತ್ತೆಯ ಎದುರು ಹಿಡಿದಳು. ಅತ್ತೆ ಎಡಗೈಯ ಸೀಳು ಉಗುರಿನಿಂದ ಗೋಜಲನ್ನು ಮುಟ್ಟಿ ನೋಡಿ, ಬೆರಳನ್ನು ಗಾಳಿಯಲ್ಲಿ ಸ್ವಲ್ಪವೇ ಸ್ವಲ್ಪ ತಿರುವಿದರು. ಅವಳು ಹೋಗಿ ಮೇಲಿನ ಬಿಗಿಯನ್ನು ಅಷ್ಟೇ ತಿರುವಿದಳು. ಮತ್ತೆ ತಂದು ತೋರಿಸಿದಳು. ಮತ್ತೆ ಬೆರಳು ತಿರುಗಿತು, ಈಗ ಇನ್ನೂ ಕಡಿಮೆ. ಹೀಗೆ ಆಸ್ಪತ್ರೆಯಲ್ಲಿ ರೋಗಿಗೂ ಡಾಕ್ಟರಿಗೂ ನಡುವೆ ಓಡಾಡುವ ದಾದಿಯ ಹಾಗೆ ಅವಳು ಮೆಷಿನ್ನಿಗೂ ಗಾಲಿಕುರ್ಚಿಗೂ ಓಡಾಡಿದಳು. ಕೊನೆಗೆ ಅತ್ತೆ ಬಟ್ಟೆಯನ್ನು ಎರಡೂ ಮಗ್ಗುಲು ತಿರುಗಿಸಿ ನೋಡಿ, ಸಾಲಿನ ಮೇಲೆ ಬೆರಳು ಓಡಿಸಿ, ವಾಪಸು ಕೊಡದೆ ಮಡಿಲಲ್ಲಿ ಇಟ್ಟುಕೊಂಡರು. ಅವಳು ಮೋಟಾರಿನ ಸ್ವಿಚ್ಚು ಹಾಕಿದಳು. ಗುಂಯ್ ಎಂಬ ಮಂದ ಸದ್ದು ನೆಲದಿಂದ ಕಾಲಿಗೆ ಹತ್ತಿತು. ಇನ್ನೂ ಪೆಡಲು ಒತ್ತಲು ಧೈರ್ಯ ಸಾಲಲಿಲ್ಲ. ಒಳಕೋಣೆಯಲ್ಲಿ ಗೊರಕೆ ನಿಂತಿತು.

ಗಂಡ ಲುಂಗಿ ಸರಿಮಾಡಿಕೊಳ್ಳುತ್ತ ಬಂದು ನಿಂತಾಗಲೇ ಬಾಗಿಲಲ್ಲಿ ಗುಜರಿಯವನು, ಹೆಗಲ ಮೇಲೆ ತಕ್ಕಡಿ. ಅವನ ಹಿಂದೆ, ಏನು ಹೋಗುತ್ತದೆ ಏನು ಉಳಿಯುತ್ತದೆ ಎಂದು ನೋಡಲು, ಟಾಂಟಾಂ ಅಕ್ಕ. ಅವಳು ಹೇಳಿಸಿಕೊಳ್ಳದೆ ತನ್ನ ಮೆಟ್ಟಿಲ ಮೇಲೆ ಕೂತಳು. ಗುಜರಿಯವನು ಮೇಜಿನ ಮೇಲೆ ಕೈಯಿಟ್ಟವನು ಥಟ್ಟನೆ ತೆಗೆದ. "ಏನ್ ಸಾರ್, ಸತ್ತಿದೆ ಅಂದ್ರಿ, ಇದು ಉಸಿರಾಡ್ತಿದೆಯಲ್ಲ?"

ಗಂಡ ಹೆಂಡತಿಯ ಮುಖ ನೋಡಿದ, ಅಮ್ಮನ ಮಡಿಲಲ್ಲಿದ್ದ ಬಟ್ಟೆ ನೋಡಿದ, ಅದನ್ನು ಎತ್ತಿ ಹೊಲಿಗೆಯನ್ನು ಎರಡು ಕೈಯಿಂದ ಎಳೆದು ನೋಡಿದ. ಅದು ಬಿಡಲಿಲ್ಲ. "ಅಮ್ಮ," ಎಂದು ಕುರ್ಚಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ಕೇಳಿದ, "ಇದನ್ನ ಕೊಟ್ಟುಬಿಡೋಣ್ವಾ?"

"ಏ... ಡ."

ಗಂಡ ಅಭ್ಯಾಸದಂತೆ ಹೆಂಡತಿಯ ಕಡೆ ತಿರುಗಿದ. "ದೀರ್ಘ ಇದೆ," ಎಂದಳು ಅವಳು. "ಬೇಡ ಅಂತಿದಾರೆ." ಅದರಲ್ಲಿ ದೀರ್ಘದ ಮಾತೇಕೆ ಬಂತೆಂದು ಅವನಿಗೆ ತಿಳಿಯಲಿಲ್ಲ, ರಾತ್ರಿ ಕೇಳಿಕೊಂಡರಾಯಿತೆಂದು ಬಿಟ್ಟ. ಹೇಳಿದ ಮಾತಿಗೆ ತಪ್ಪುವವನಲ್ಲ. ಕುರ್ಚಿಯನ್ನು ತಲೆಯ ಮೇಲೆ ಹೊರದಿದ್ದರೂ ಮಂಚವನ್ನು ಹೇಗೆ ಗೋಡೆಗೆ ಒತ್ತಿ ಜಾಗ ಮಾಡಬಹುದೆಂದು ಆಗಲೇ ಗೇಣು ಹಾಕತೊಡಗಿದ್ದ. ಗುಜರಿಯವನು ಖಾಲಿ ಎಣ್ಣೆ ಡಬ್ಬಿಗಳನ್ನು ಚೀಲಕ್ಕೆ ಹಾಕಿಕೊಂಡು, "ಓಡೋ ಗಾಡೀನ ನಾನೂ ಮುಟ್ಟಲ್ಲ ಬಿಡಿ," ಎಂದು ನಕ್ಕು ಹೋದ. ಟಾಂಟಾಂ ಅಕ್ಕ ಹೋಗಲಿಲ್ಲ. ಅವಳು ಸ್ಟೂಲಿನ ಮೇಲೆ ಕೂತ ಸೊಸೆಯನ್ನೂ ಕುರ್ಚಿಯಲ್ಲಿ ಕೂತ ಅತ್ತೆಯನ್ನೂ ಒಂದೇ ನೋಟದಲ್ಲಿ ಅಳೆದು, ನಾಲಗೆಯಿಂದ ಲೊಚಗುಟ್ಟಿದಳು.

"ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅಂತ ಸುಮ್ಮನೆ ಹೇಳ್ತಾರ? ಹೇಗಿದ್ದ ಹೆಂಗಸು, ಪಾಪ, ಹೇಗಾಗಿಹೋದಳು." ಆಮೇಲೆ ಮುಂದಕ್ಕೆ ಬಾಗಿ, ದನಿ ತಗ್ಗಿಸಿದಳು, ಆದರೆ ಅತ್ತೆಗೆ ಕೇಳದಷ್ಟಲ್ಲ. "ಅಲ್ಲ ಕಣಮ್ಮ, ಇನ್ನೆಷ್ಟು ದಿನ ಅಂತಾರೆ ಡಾಕ್ಟ್ರು, ಈ ಥರ..."

ಗಾಲಿಕುರ್ಚಿಯ ತಟ್ಟೆಯ ಮೇಲೆ ಅತ್ತೆಯ ಎಡಗಾಲು ಒತ್ತಿದ್ದನ್ನು ಸೊಸೆ ನೋಡಲಿಲ್ಲ. ನೋಡಬೇಕಾಗಿರಲಿಲ್ಲ. ಅವಳ ಕಾಲು ಪೆಡಲನ್ನು ತಳ ಮುಟ್ಟುವವರೆಗೆ ಅದುಮಿತು. ಗರ್ರೆಂದು ಮೋಟಾರು ಎದ್ದಿತು, ಕಿಟಕಿಯ ಸರಳು ನಡುಗಿತು, ಗೂಡಿನಲ್ಲಿ ಹಾಲಿನ ಲೋಟ ಕಿಣಿಕಿಣಿ ಎಂದಿತು. ಬಟ್ಟೆಯಿಲ್ಲದ ಬರಿಯ ಹಲ್ಲಿನ ಮೇಲೆ ಸೂಜಿ ಕಣ್ಣಿಗೆ ಕಾಣದಷ್ಟು ಜೋರಾಗಿ ಓಡಿತು. ಟಾಂಟಾಂ ಅಕ್ಕನ ಬಾಯಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು, ಅದರಿಂದ ಏನೂ ಬರುತ್ತಿರಲಿಲ್ಲ. ಗಂಡ ಗೇಣು ಹಾಕುವುದನ್ನು ಬಿಟ್ಟು ನೋಡುತ್ತ ನಿಂತ. ಅವಳು ಸಾಕೆನ್ನಿಸುವವರೆಗೂ ಓಡಿಸಿ, ಕಾಲೆತ್ತಿ, ತಲೆ ಎತ್ತದೆಯೇ ಹೇಳಿದಳು.

"ಏನಂದ್ರಿ ಅಕ್ಕ? ಕೇಳಿಸ್ಲಿಲ್ಲ."

ಮೋಟಾರು ಗುಂಯ್ಗುಟ್ಟುತ್ತ ತಗ್ಗಿತು. ಹಿಂದಿನಿಂದ ಒಂದು ಸದ್ದು ಬಂತು, ಕೆಮ್ಮಿನ ಹಾಗೆ, ಬಿಕ್ಕಳಿಕೆಯ ಹಾಗೆ. ಅವಳು ಗಾಬರಿಯಾಗಿ ತಿರುಗಿದಳು. ಅತ್ತೆ ನಗುತ್ತಿದ್ದರು. ಬಾಯಿ ಅರ್ಧ ಮಾತ್ರ ನಗುತ್ತಿತ್ತು, ಕಣ್ಣು ಎರಡೂ ನಗುತ್ತಿದ್ದವು, ಎರಡರಿಂದಲೂ ನೀರು ಇಳಿದು ಮಡಿಲಿನ ಹಸಿರು ಬಟ್ಟೆಯ ಮೇಲೆ ಬೀಳುತ್ತಿತ್ತು. ಅವರು ಎಡಗೈಯಿಂದ ಸೊಸೆಯ ತೋಳನ್ನು ಹಿಡಿದರು, ಹಿಂದೊಮ್ಮೆ ಹಿಡಿದಲ್ಲೇ. ಈ ಸಲ ಎಬ್ಬಿಸಲಿಲ್ಲ, ಕೂತಲ್ಲೇ ಒತ್ತಿ ಕೂರಿಸಿದರು.

"ಇನ್ನೊಂದ್ಸಲ," ಎಂದರು.

ಆ ಮಾತಿನಲ್ಲಿ ತಿದ್ದುವಂಥದ್ದು ಏನೂ ಇರಲಿಲ್ಲ. ಅವಳು ಮತ್ತೆ ಪೆಡಲು ಒತ್ತಿದಳು.